ಸುಳ್ಳು ಸಾಕ್ಷಿಗಳ ಸಂತೆ

ಕಳೆದ ಬಕ್ರೀದಿಗೆ ಎರಡು ದಿನ ಇರುವಾಗ ಎಂ.ಎ. ಕನ್ನಡ ಓದುತ್ತಿರುವ ಒಬ್ಬ ಹುಡುಗಿ ನನಗೆ ಫೋನ್ ಮಾಡಿದಳು. ಉರ್ದುವಿನಿಂದ ನಾನು ಅನುವಾದ ಮಾಡಿದ್ದ ಒಂದು ಹಳೆಯ ಕಥೆಯನ್ನು ಸೆಮಿನಾರಿಗೆ ಆರಿಸಿಕೊಂಡಿದ್ದಳಂತೆ. "ಸರ್, ನಮ್ಮ ಯೂನಿವರ್ಸಿಟಿ ಲೈಬ್ರರಿಯ ವೆಬ್‌ಸೈಟಿನಲ್ಲಿ ನಿಮ್ಮ ಕಥೆಗೆ ಲಿಂಕ್ ಕೊಟ್ಟಿದ್ದಾರೆ. ಅದನ್ನು ಒತ್ತಿದರೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು. "ಒತ್ತಿದರೆ ಏನಮ್ಮಾ?" ಎಂದು ಕೇಳಿದೆ. ಹೇಳಲೋ ಬೇಡವೋ ಎಂಬಂತೆ ಹೇಳಿದಳು: "ಇಸ್ಪೀಟಾಟ ಬರುತ್ತೆ ಸರ್. ದುಡ್ಡು ಕಟ್ಟಿ ಆಡೋದು."

ನಾನು ನಂಬಲಿಲ್ಲ. ಮಗಳ ಮೊಬೈಲಿನಲ್ಲಿ ಒತ್ತಿ ನೋಡಿದೆ. ಹುಡುಗಿ ಹೇಳಿದ್ದು ನಿಜವಾಗಿತ್ತು. ಮೇಲೆ ನಮ್ಮೂರ ಸಾಹಿತ್ಯ ಬಳಗದ ಹೆಸರು, ಕೆಳಗೆ ಇಸ್ಪೀಟಿನ ರಾಜ ರಾಣಿಯರು, ಮೊದಲ ಆಟಕ್ಕೆ ಇಂತಿಷ್ಟು ಬೋನಸ್ ಎಂಬ ಆಮಿಷ.

ಆ ಬಳಗವನ್ನು ಕಟ್ಟಿದವರು ನಮ್ಮೂರಿನ ಒಬ್ಬ ನಿವೃತ್ತ ಹೈಸ್ಕೂಲು ಮೇಷ್ಟ್ರು. ಉರ್ದು, ಕನ್ನಡ ಎರಡರಲ್ಲೂ ಬರೆಯುವವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿದವರು. ತಮ್ಮ ಪಿಂಚಣಿಯಿಂದ ಪ್ರತಿ ವರ್ಷ ಹಣ ಕಟ್ಟಿ ಬಳಗದ ವೆಬ್‌ಸೈಟನ್ನು ಉಳಿಸಿಕೊಂಡು ಬಂದಿದ್ದರು. ಅದರಲ್ಲಿದ್ದ ಕಥೆ, ಕವಿತೆಗಳನ್ನು ಕಂಡು ಕೆಲವು ಕಾಲೇಜುಗಳು, ಒಂದು ವಿಶ್ವವಿದ್ಯಾಲಯ, ಒಂದೆರಡು ಪತ್ರಿಕೆಗಳು ತಮ್ಮ ಪುಟಗಳಿಂದ ಅದಕ್ಕೆ ಕೊಂಡಿ ಕೊಟ್ಟಿದ್ದವು. 2021ರ ಕೊರೊನಾ ಎರಡನೆಯ ಅಲೆಯಲ್ಲಿ ಮೇಷ್ಟ್ರು ತೀರಿಕೊಂಡರು. ವರ್ಷದ ಹಣ ಕಟ್ಟಬೇಕೆಂದು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ವಿಳಾಸದ ಅವಧಿ ಮುಗಿಯಿತು. ಅದನ್ನು ಯಾರೋ ಕೊಂಡರು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಬಿ.ಕಾಂ. ಓದಿದವನು. "ಕಂಪ್ಯೂಟರ್ ಕೆಲಸ" ಎಂದಷ್ಟೇ ಮನೆಯವರಿಗೆ ಗೊತ್ತು. ಹಬ್ಬಕ್ಕೆ ಬಂದವನಿಗೆ ಇದನ್ನು ತೋರಿಸಿದೆ. ಒಂದು ಕ್ಷಣ ನೋಡಿ ನಕ್ಕ. "ಮಾಮು, ಇದು ನಮ್ಮ ಲೈನಿನದೇ ಕೆಲಸ" ಎಂದ.

"ಸತ್ತುಹೋದ ಬಳಗದ ಹೆಸರು ಕೊಂಡು ಅವರಿಗೇನಪ್ಪಾ ಲಾಭ?" ಎಂದೆ.

"ಹೆಸರು ಯಾರಿಗೆ ಬೇಕು ಮಾಮು? ಆ ಹೆಸರಿಗೆ ಯೂನಿವರ್ಸಿಟಿಯವರು ಲಿಂಕ್ ಕೊಟ್ಟಿದಾರಲ್ಲ, ಅದು ಬೇಕು. ಗೂಗಲ್ ಅದನ್ನ ನೋಡಿ, ಓ ಇದು ಮರ್ಯಾದಸ್ತರ ಜಾಗ ಅಂದ್ಕೊಳ್ಳುತ್ತೆ."

ಮೇಷ್ಟ್ರು ಇಪ್ಪತ್ತು ವರ್ಷ ಜತನದಿಂದ ಕೂಡಿಸಿದ್ದ ಮರ್ಯಾದೆಯನ್ನು ಜೂಜಿನ ಅಂಗಡಿಯವನೊಬ್ಬ ಅಂಗಿಯಂತೆ ತೊಟ್ಟುಕೊಂಡು ನಿಂತಿದ್ದ. ಇಷ್ಟು ದಿನ ಈ ಎಸ್‌ಇಓ, ಲಿಂಕ್ ಬಿಲ್ಡಿಂಗ್ ಎಂಬ ಮಾತುಗಳೆಲ್ಲ ಕಂಪ್ಯೂಟರಿನವರ ಗೊಡವೆ, ನಮಗೇಕೆ ಎಂದುಕೊಂಡಿದ್ದೆ. ಅಂದಿನಿಂದ ಹಾಗೆ ಅನ್ನಿಸುತ್ತಿಲ್ಲ. ಇದು ತಂತ್ರಜ್ಞಾನದ ವಿಷಯವೇ ಅಲ್ಲ. ಸುಳ್ಳು ಸಾಕ್ಷಿಯ ವಿಷಯ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ಅಂತರ್ಜಾಲ ಬಂದ ಹೊಸತರಲ್ಲಿ ಸರ್ಚ್ ಇಂಜಿನ್‌ಗಳು ಬಹುಮಟ್ಟಿಗೆ ಪದಗಳನ್ನು ಎಣಿಸುತ್ತಿದ್ದವು. ಒಂದು ಪುಟದಲ್ಲಿ 'ಔಷಧ' ಎಂಬ ಪದ ಹೆಚ್ಚು ಸಲ ಇದ್ದರೆ ಅದೇ ಔಷಧದ ಬಗ್ಗೆ ಒಳ್ಳೆಯ ಪುಟ ಎಂಬ ಲೆಕ್ಕ. ಇದನ್ನು ಮೋಸಗೊಳಿಸಲು ಕಷ್ಟಪಡಬೇಕಿರಲಿಲ್ಲ, ಅದೇ ಪದವನ್ನು ನೂರು ಸಲ ಬರೆದರೆ ಸಾಕಿತ್ತು. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಬೇರೊಂದು ದಾರಿ ತೋರಿಸಿದರು. ಒಂದು ಪುಟ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ ಎಂಬುದನ್ನಷ್ಟೇ ನೋಡಬೇಡಿ, ಬೇರೆ ಪುಟಗಳು ಅದಕ್ಕೆ ಕೊಂಡಿ ಕೊಟ್ಟಿವೆಯೇ ನೋಡಿ. ಕೊಂಡಿ ಕೊಟ್ಟವರಿಗೆ ಎಷ್ಟು ಮಂದಿ ಕೊಂಡಿ ಕೊಟ್ಟಿದ್ದಾರೆ ಎಂಬುದನ್ನೂ ನೋಡಿ ಎಂದರು. ಇದಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರಿಟ್ಟರು. ವಿದ್ವಾಂಸರು ತಮ್ಮ ಪ್ರಬಂಧಗಳಲ್ಲಿ ಬೇರೆ ವಿದ್ವಾಂಸರನ್ನು ಉಲ್ಲೇಖಿಸುವ ಪದ್ಧತಿಯೇ ಅವರಿಗೆ ಮಾದರಿ. ಗೂಗಲ್ ನಿಂತದ್ದು ಈ ತಳಪಾಯದ ಮೇಲೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೊಂಡಿ ಎಂದರೆ ಶಿಫಾರಸು. ಈ ಪದ ಉರ್ದುವಿಗೂ ಕನ್ನಡಕ್ಕೂ ಬಂದದ್ದು ಫಾರಸಿ ಮೂಲದಿಂದ. ಈಗ ಎರಡೂ ಭಾಷೆಗಳಲ್ಲಿ ಅದಕ್ಕೆ ಸ್ವಲ್ಪ ಕೆಟ್ಟ ವಾಸನೆ ಅಂಟಿಕೊಂಡಿದೆ. ಶಿಫಾರಸು ಎಂದರೆ ಶಾಸಕರ ಚೀಟಿ ಎಂದೇ ಅರ್ಥ. ಆದರೆ ಅದರ ಹಿಂದೆ ಒಂದು ಮಾನವೀಯ ನಡವಳಿಕೆ ಇದೆ. ಹೊಸ ಊರಿಗೆ ಹೋದವನು ಒಳ್ಳೆಯ ವೈದ್ಯರು ಯಾರೆಂದು ಪಕ್ಕದ ಮನೆಯವರನ್ನು ಕೇಳುತ್ತಾನೆ. ಅವರು ತಮ್ಮ ಮಗುವಿನ ಜ್ವರ ನೆನೆದು ಒಬ್ಬರ ಹೆಸರು ಹೇಳುತ್ತಾರೆ. ಆ ಹೆಸರಿನ ಜೊತೆ ತಮ್ಮ ಮಾತಿನ ಬೆಲೆಯನ್ನೂ ಅಡವಿಡುತ್ತಾರೆ. ವೈದ್ಯ ಮೋಸಗಾರನಾದರೆ ಹೇಳಿದವರ ಮುಖಕ್ಕೂ ಮಸಿ. ಜಗತ್ತಿನ ಕೋಟ್ಯಂತರ ಜನ ಹೀಗೆ ಒಬ್ಬರಿಗೊಬ್ಬರು ಹೇಳಿಕೊಂಡ ಮಾತುಗಳನ್ನು ಕೂಡಿಸಿ ಲೆಕ್ಕಹಾಕಿದರೆ ಒಳ್ಳೆಯದು ಮೇಲೆ ಬರುತ್ತದೆ ಎಂಬುದು ಆ ಇಬ್ಬರು ಹುಡುಗರ ನಂಬಿಕೆ. ಒಳ್ಳೆಯ ನಂಬಿಕೆ. ಆದರೆ ಯಾವುದಕ್ಕೆ ಬೆಲೆ ಬರುತ್ತದೋ ಅದು ಸಂತೆಗೂ ಬರುತ್ತದೆ ಎಂಬುದನ್ನು ಅವರು ಸಾಕಷ್ಟು ಯೋಚಿಸಲಿಲ್ಲ.

ಸಂತೆ ಬೇಗನೆ ನೆರೆಯಿತು. ಒಬ್ಬನೇ ಮನುಷ್ಯ ನೂರಾರು ಪೊಳ್ಳು ವೆಬ್‌ಸೈಟುಗಳನ್ನು ಸೃಷ್ಟಿಸಿ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ. ಹತ್ತು ವೇಷ ಹಾಕಿ ಹತ್ತು ಸಲ ಕಟಕಟೆ ಹತ್ತಿದಂತೆ. ಓದುಗರು ಅಭಿಪ್ರಾಯ ಬರೆಯಲೆಂದು ಬಿಟ್ಟ ಜಾಗದಲ್ಲೆಲ್ಲ ಮಾತ್ರೆ, ಸಾಲ, ಜೂಜಿನ ಕೊಂಡಿಗಳನ್ನು ಯಂತ್ರಗಳಿಂದ ಸುರಿಸಿದರು. 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಸೇರಿ 'ನೋಫಾಲೋ' ಎಂಬ ಗುರುತನ್ನು ತಂದವು. 'ಇಲ್ಲಿ ಕೊಂಡಿ ಇದೆ, ಆದರೆ ಇದಕ್ಕೆ ನಾನು ಸಾಕ್ಷಿಯಲ್ಲ' ಎಂದು ಸರ್ಚ್ ಇಂಜಿನ್‌ಗೆ ತಿಳಿಸುವ ಗುರುತು ಅದು. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯ ತನ್ನ ಹೊರಗಿನ ಕೊಂಡಿಗಳಿಗೆಲ್ಲ ಇದೇ ಗುರುತು ಹಚ್ಚಿತು. ಇದರಲ್ಲಿರುವ ದುರಂತವನ್ನು ಗಮನಿಸಿ. ಕಳ್ಳಸಾಕ್ಷಿಗಳ ಕಾಟ ತಾಳಲಾರದೆ ನ್ಯಾಯಾಲಯವು ನಿಜವಾದ ಸಾಕ್ಷಿಗಳ ಮಾತನ್ನೂ ಕೇಳದೆ ಬಾಗಿಲು ಹಾಕಿಕೊಂಡಿತು. ಗ್ರಂಥಾಲಯದಲ್ಲಿ ಕೂತು ಪ್ರಾಮಾಣಿಕವಾಗಿ ಆಧಾರ ಕೊಟ್ಟವನಿಗೂ ಮಾತ್ರೆ ಮಾರುವವನಿಗೂ ಒಂದೇ ಶಿಕ್ಷೆ.

ಇದೆಲ್ಲ ಬೀದಿಬದಿಯ ಪುಡಿಗಳ್ಳರ ಕೆಲಸವೆಂದು ಯಾರೂ ಭಾವಿಸಬಾರದು. ಅಮೆರಿಕದಲ್ಲಿ ಜೆ.ಸಿ. ಪೆನ್ನಿ ಎಂಬ ಹಳೆಯ, ದೊಡ್ಡ ಅಂಗಡಿಗಳ ಸಮೂಹವಿದೆ. 2010ರ ಕೊನೆಯ ಹಬ್ಬದ ವ್ಯಾಪಾರದ ತಿಂಗಳುಗಳಲ್ಲಿ ಗೂಗಲ್‌ನಲ್ಲಿ ಉಡುಪು, ಹಾಸಿಗೆ, ನೆಲಹಾಸು ಹೀಗೆ ಏನನ್ನೇ ಹುಡುಕಿದರೂ ಅದರ ಹೆಸರೇ ಮೊದಲಿಗೆ ಬರುತ್ತಿತ್ತು. ಸ್ಯಾಮ್ಸೊನೈಟ್ ಸೂಟ್‌ಕೇಸ್ ಎಂದು ಹುಡುಕಿದರೆ ಸ್ಯಾಮ್ಸೊನೈಟ್ ಕಂಪನಿಗಿಂತ ಮೇಲೆ ಪೆನ್ನಿ! ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಬ್ಬ ಪರಿಣತರಿಂದ ಇದನ್ನು ಪರಿಶೀಲಿಸಿ 2011ರ ಫೆಬ್ರವರಿಯಲ್ಲಿ ಬಯಲಿಗೆಳೆಯಿತು. 2,015 ಪುಟಗಳಲ್ಲಿ ಪೆನ್ನಿಯ ಉಡುಪುಗಳಿಗೆ ಕೊಂಡಿಗಳನ್ನು ನೆಡಲಾಗಿತ್ತು. ಆ ಪುಟಗಳಾದರೋ ಗೊರಕೆಯ ಬಗ್ಗೆ, ದಂತವೈದ್ಯರ ಬಗ್ಗೆ, ಮೀನು ಹಿಡಿಯುವುದರ ಬಗ್ಗೆ, ವಜ್ರದ ಡ್ರಿಲ್ಲುಗಳ ಬಗ್ಗೆ ಇದ್ದವು. ಗೊರಕೆ ಹೊಡೆಯುವವನಿಗೂ ಹೆಂಗಸರ ಸಂಜೆಯುಡುಗೆಗೂ ಏನು ಸಂಬಂಧ? ದುಡ್ಡಿನ ಸಂಬಂಧ. ಪತ್ರಿಕೆ ಸಾಕ್ಷ್ಯ ತೋರಿಸಿದ ಮೇಲೆ ಗೂಗಲ್ ಕೈಯಾಡಿಸಿತು. ಸೂಟ್‌ಕೇಸಿನ ಹುಡುಕಾಟದಲ್ಲಿ ಒಂದನೆಯ ಸ್ಥಾನದಲ್ಲಿದ್ದ ಪೆನ್ನಿ ಎರಡು ಗಂಟೆಗಳಲ್ಲಿ 71ಕ್ಕೆ ಇಳಿಯಿತು. ನಮಗೇನೂ ಗೊತ್ತಿಲ್ಲ ಎಂದು ಕಂಪನಿ ಕೈತೊಳೆದುಕೊಂಡಿತು, ಎಸ್‌ಇಓ ಸಲಹೆಗಾರರನ್ನು ಕಿತ್ತುಹಾಕಿತು. ಯಜಮಾನನಿಗೆ ಗೊತ್ತಿಲ್ಲದೆಯೇ ಆಳು ಯಜಮಾನನ ಹೊಲಕ್ಕೆ ನೀರು ಕದ್ದು ಹಾಯಿಸಿದನಂತೆ!

ಅದೇ ತಿಂಗಳು ಅಮೆರಿಕದ ಓವರ್‌ಸ್ಟಾಕ್ ಎಂಬ ಇನ್ನೊಂದು ಮಾರಾಟ ಸಂಸ್ಥೆಯ ಕಥೆ ಹೊರಬಿತ್ತು. ಕಾಲೇಜಿನ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಅದು ರಿಯಾಯಿತಿ ಕೊಡುತ್ತಿತ್ತು. ಬದಲಿಗೆ ವಿಶ್ವವಿದ್ಯಾಲಯಗಳ ವೆಬ್‌ಸೈಟುಗಳಿಂದ ಕೊಂಡಿ ಪಡೆಯುತ್ತಿತ್ತು. 2013ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹೂವಿನ ವ್ಯಾಪಾರಿ ಇಂಟರ್‌ಫ್ಲೋರಾ ಸಿಕ್ಕಿಬಿತ್ತು. ಅದು ಪ್ರಾದೇಶಿಕ ಪತ್ರಿಕೆಗಳಿಗೆ ಹಣ ಕೊಟ್ಟು, ಸುದ್ದಿಯಂತೆ ಕಾಣುವ ಬರಹಗಳನ್ನು ಕೊಂಡಿಸಮೇತ ಹಾಕಿಸಿತ್ತು. ಗೂಗಲ್ ಅದನ್ನು ಸುಮಾರು 11 ದಿನ ಕಣ್ಮರೆ ಮಾಡಿತು. ಬರಹ ಹಾಕಿದ ಪತ್ರಿಕೆಗಳ ಅಂಕವನ್ನೂ ಕಡಿತಗೊಳಿಸಿತು. ಜನ ಯಾರನ್ನು ನಂಬುತ್ತಾರೆ? ವಿಶ್ವವಿದ್ಯಾಲಯವನ್ನು, ಊರಿನ ಪತ್ರಿಕೆಯನ್ನು. ಆದ್ದರಿಂದಲೇ ಅವರ ಬಾಯಿಯೇ ಮೊದಲು ಮಾರಾಟಕ್ಕೆ ಬರುತ್ತದೆ. ನಂಬಿಕೆ ಇಲ್ಲದ ಕಡೆ ಕೊಳ್ಳಲು ಏನೂ ಇರುವುದಿಲ್ಲ.

ಕೊಳ್ಳಲಾಗದಿದ್ದರೆ ಕದಿಯುತ್ತಾರೆ. 2024ರ ಮೇ ತಿಂಗಳಲ್ಲಿ ಟೆಕ್‌ಕ್ರಂಚ್ ಎಂಬ ಸುದ್ದಿತಾಣ ಒಂದು ವರದಿ ಮಾಡಿತು. ನಮ್ಮ ದೇಶದ ಸರ್ಕಾರಿ ವೆಬ್‌ಸೈಟುಗಳ ಸುಮಾರು ನಾಲ್ಕು ಡಜನ್ ಕೊಂಡಿಗಳು ಜನರನ್ನು ಬೆಟ್ಟಿಂಗ್ ತಾಣಗಳಿಗೆ ಒಯ್ಯುತ್ತಿದ್ದವು. ಬಿಹಾರ, ಗೋವಾ, ಕೇರಳ, ತೆಲಂಗಾಣಗಳ ಜೊತೆ ನಮ್ಮ ಕರ್ನಾಟಕದ ಹೆಸರೂ ಅದರಲ್ಲಿತ್ತು. ಅವುಗಳಲ್ಲಿ ಪೊಲೀಸ್ ಇಲಾಖೆಯ ತಾಣಗಳೂ ಇದ್ದವು. ಸರ್ಕಾರದ ಮುದ್ರೆಯ ಹಿಂದೆ ಜೂಜಿನ ಅಡ್ಡೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಹಿರಿಯರು ಕೇಳುತ್ತಿದ್ದರು. ಇಲ್ಲಿ ಬೇಲಿಗೆ ತಾನು ಮೇಯುತ್ತಿರುವುದೇ ತಿಳಿದಿರಲಿಲ್ಲ.

ನನ್ನ ಅಳಿಯನ ಕೆಲಸ ಇಷ್ಟು ದೊಡ್ಡದಲ್ಲ. ಅವನು ಯಾರ ವೆಬ್‌ಸೈಟನ್ನೂ ಒಡೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ಕೂತು ಪತ್ರ ಬರೆಯುತ್ತಾನೆ. ಪತ್ರದ ಕೊನೆಗೆ ಇರುವ ಹೆಸರು ಒಬ್ಬ ಇಂಗ್ಲಿಷ್ ಹೆಂಗಸಿನದು. ಆಕೆಗೊಂದು ಫೋಟೋ ಇದೆ, ಆರೋಗ್ಯ ಲೇಖಕಿ ಎಂಬ ಬಿರುದಿದೆ. ಅಂಥ ಹೆಂಗಸು ಎಲ್ಲೂ ಇಲ್ಲ. "ನಿಮ್ಮ ಬರಹ ಓದಿ ತುಂಬಾ ಸಂತೋಷವಾಯಿತು, ನಿಮಗೊಂದು ಲೇಖನ ಬರೆದುಕೊಡಲೇ?" ಎಂದು ಆಕೆ ಕೇಳುತ್ತಾಳೆ. ಓದಿದ್ದೂ ಸುಳ್ಳು, ಸಂತೋಷವೂ ಸುಳ್ಳು. ಒಪ್ಪಿದವರಿಗೆ ಲೇಖನ ಹೋಗುತ್ತದೆ, ನಡುವೆ ಒಂದು ಕೊಂಡಿ ಅಡಗಿರುತ್ತದೆ. ಕೆಲವರು ಹಣ ಕೇಳುತ್ತಾರೆ. ಅದಕ್ಕೆ ದರಪಟ್ಟಿ ಇದೆ. ಕಂಪನಿಯೊಂದು ಪ್ರತಿ ವೆಬ್‌ಸೈಟಿಗೆ ನೂರರೊಳಗೆ ಒಂದು ಅಂಕ ಕೊಟ್ಟಿರುತ್ತದೆ, ಅಂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಮನುಷ್ಯರ ವಿಶ್ವಾಸಾರ್ಹತೆಯನ್ನು ಈರುಳ್ಳಿಯಂತೆ ಗಾತ್ರ ನೋಡಿ ವಿಂಗಡಿಸಿಟ್ಟಿದ್ದಾರೆ.

"ಏನು ಮಾರ್ತಾರೆ ನಿಮ್ಮ ಗಿರಾಕಿಗಳು?" ಎಂದು ಕೇಳಿದೆ. ತೂಕ ಇಳಿಸುವ ಮಾತ್ರೆ, ತಕ್ಷಣ ಸಾಲ ಕೊಡುವ ಆ್ಯಪ್, ಬೆಟ್ಟಿಂಗ್. ಹಾಸಿಗೆ, ಕುರ್ಚಿ ಮಾರುವ ಮರ್ಯಾದಸ್ತರೂ ಇದ್ದಾರಂತೆ. ಆದರೆ ಹೆಚ್ಚು ಹಣ ಕೊಡುವವರು ಮೊದಲಿನವರೇ.

ಈ ದಂಧೆಯ ಪರವಾಗಿ ನಾಲ್ಕು ವಾದಗಳನ್ನು ಕೇಳಿದ್ದೇನೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ಮೋಸಹೋಗುವುದು ಗೂಗಲ್ ಮಾತ್ರ. ಅಷ್ಟು ದೊಡ್ಡ ಕಂಪನಿಗೆ ನಾಲ್ಕು ಕೊಂಡಿ ತೂರಿಸಿದರೆ ಯಾರ ಗಂಟು ಹೋಯಿತು? ಈ ವಾದ ಕೇಳಲು ಚೆನ್ನಾಗಿದೆ, ಬಡವ ಬಲ್ಲಿದನ ಕಿಸೆಗೆ ಕೈಹಾಕಿದಂತೆ ಕಾಣುತ್ತದೆ. ಆದರೆ ಗೂಗಲ್ ಇಲ್ಲಿ ನ್ಯಾಯಾಧೀಶನ ಜಾಗದಲ್ಲಿದೆಯೇ ಹೊರತು ಕಕ್ಷಿದಾರನ ಜಾಗದಲ್ಲಿ ಅಲ್ಲ. ಸುಳ್ಳು ಸಾಕ್ಷಿ ಹೇಳಿದಾಗ ನ್ಯಾಯಾಧೀಶನ ಮನೆ ಹಾಳಾಗುವುದಿಲ್ಲ, ಕಟ್ಟೆಯ ಕೆಳಗೆ ನಿಂತ ಬಡವನ ಮನೆ ಹಾಳಾಗುತ್ತದೆ. ಮಗಳ ಮದುವೆಗೆ ಹಣ ಸಾಲದೆ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ 'ಸಾಲ' ಎಂದು ಹುಡುಕುವ ಆಟೋ ಚಾಲಕನನ್ನು ನೆನೆಯಿರಿ. ಸಕ್ಕರೆ ಕಾಯಿಲೆಗೆ ಮದ್ದು ಹುಡುಕುವ ತಾಯಿಯನ್ನು ನೆನೆಯಿರಿ. ಮೊದಲು ಬಂದದ್ದು ಒಳ್ಳೆಯದಿರಬೇಕು ಎಂದು ಅವರು ನಂಬುತ್ತಾರೆ. ಆ ಮೊದಲ ಸ್ಥಾನ ಮಾರಾಟವಾಗಿದೆ ಎಂದು ಅವರಿಗೆ ಯಾರು ಹೇಳಬೇಕು?

ಮೋಸ ಹೋಗುವ ಇನ್ನೊಬ್ಬನೂ ಇದ್ದಾನೆ. ಒಂದು ಪುಟದಲ್ಲಿ ಮೊದಲ ಸ್ಥಾನ ಒಂದೇ. ಒಬ್ಬ ಸುಳ್ಳು ಏಣಿ ಹಾಕಿ ಮೇಲೇರಿದರೆ ಪ್ರಾಮಾಣಿಕನೊಬ್ಬ ಅಷ್ಟೇ ಕೆಳಕ್ಕೆ ಜಾರುತ್ತಾನೆ. ಇಳಕಲ್ಲಿನ ನೇಕಾರನಿಗೋ, ಚನ್ನಪಟ್ಟಣದ ಗೊಂಬೆ ಮಾಡುವವನಿಗೋ ತನ್ನ ಸರಕಿನ ಬಗ್ಗೆ ನಾಲ್ಕು ಸಾಲು ಬರೆದು ಹಾಕುವ ಶಕ್ತಿ ಇರಬಹುದು. ಎರಡು ಸಾವಿರ ಸುಳ್ಳು ಸಾಕ್ಷಿಗಳನ್ನು ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಅಂತರ್ಜಾಲ ಬಂದಾಗ, ಇನ್ನು ಮೇಲೆ ಸಣ್ಣವನ ದನಿಯೂ ಜಗತ್ತಿಗೆ ಕೇಳುತ್ತದೆ ಎಂದರು. ಕೇಳುವ ದನಿ ಕೊನೆಗೂ ದುಡ್ಡಿನದೇ ಆಯಿತು.

ಎರಡನೆಯ ವಾದ: ಎಲ್ಲರೂ ಮಾಡುತ್ತಾರೆ, ನಾವೊಬ್ಬರು ಬಿಟ್ಟರೆ ಹಿಂದೆ ಬೀಳುತ್ತೇವೆ. ಲಂಚ ಕೊಡುವವನೂ, ವರದಕ್ಷಿಣೆ ತೆಗೆದುಕೊಳ್ಳುವವನೂ, ಹಾಲಿಗೆ ನೀರು ಬೆರೆಸುವವನೂ ಇದನ್ನೇ ಹೇಳಿದ್ದಾರೆ. ಇದರಲ್ಲಿ ಹೊಸದೇನಿಲ್ಲ, ಉತ್ತರಿಸುವ ಅಗತ್ಯವೂ ಇಲ್ಲ.

ಮೂರನೆಯ ವಾದ: ಇದೂ ಒಂದು ಜಾಹೀರಾತು, ಅಷ್ಟೇ. ಅಲ್ಲ. ಜಾಹೀರಾತು ತಾನು ಜಾಹೀರಾತು ಎಂದು ಹೇಳಿಕೊಳ್ಳುತ್ತದೆ. ಹಣ ಪಡೆದು ಹಾಕಿದ ಕೊಂಡಿಗೆ ಪ್ರಾಯೋಜಿತ ಎಂಬ ಗುರುತು ಹಚ್ಚಲು 2019ರಿಂದ ಪ್ರತ್ಯೇಕ ವ್ಯವಸ್ಥೆಯನ್ನೇ ಗೂಗಲ್ ಮಾಡಿದೆ. ಹಚ್ಚಿದರೆ ತಪ್ಪಿಲ್ಲ. ಆದರೆ ಕೊಳ್ಳುವವನು ಮೊದಲು ಹಾಕುವ ಷರತ್ತೇ ಗುರುತು ಹಚ್ಚಬಾರದು ಎಂಬುದು. ಅಲ್ಲಿಗೆ ಅವನು ಕೊಳ್ಳುತ್ತಿರುವುದು ಜಾಗವನ್ನಲ್ಲ, ಮೌನವನ್ನು. ನಮ್ಮ ದೇಶದಲ್ಲಿಯೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ನಿಯಮ ಮಾಡಿದೆ: ಸರಕನ್ನು ಹೊಗಳುವವನಿಗೂ ಮಾರುವವನಿಗೂ ಹಣದ ನಂಟಿದ್ದು, ಅದು ಜನರ ನಂಬಿಕೆಯ ಮೇಲೆ ಪರಿಣಾಮ ಬೀರುವಂತಿದ್ದರೆ ಅದನ್ನು ತಿಳಿಸಬೇಕು. ಟಿ.ವಿ.ಯ ನಟನಿಗೆ ಅನ್ವಯವಾಗುವ ಈ ನ್ಯಾಯ ಪತ್ರಿಕೆಯ ಪುಟದ ಕೊಂಡಿಗೆ ಏಕೆ ಬೇಡ?

ನಾಲ್ಕನೆಯ ವಾದ ನನ್ನ ಅಳಿಯನದು. ಅದನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. "ಮಾಮು, ಊರಲ್ಲಿ ಕೆಲಸ ಇಲ್ಲ. ಅಬ್ಬಾನ ಗುಜರಿ ಅಂಗಡಿ ಮುಚ್ಚಿ ಮೂರು ವರ್ಷ ಆಯ್ತು. ಅಮ್ಮಿಯ ಔಷಧಿಗೆ ನನ್ನ ಸಂಬಳವೇ ದಿಕ್ಕು. ನಾನು ಒಂದು ಲಿಂಕ್ ಹಾಕಿದ್ರೆ ಯಾರು ಸಾಯ್ತಾರೆ?" ಎಂದ. ಹತ್ತಿಪ್ಪತ್ತು ಸಾವಿರ ಸಂಬಳಕ್ಕೆ ರಾತ್ರಿಯೆಲ್ಲ ಕಣ್ಣು ಉರಿಸಿಕೊಳ್ಳುವ ಆ ಹುಡುಗನನ್ನು ಅಪರಾಧಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಪೆನ್ನಿಯ ಪ್ರಕರಣದಲ್ಲಿ ಆ ಎರಡು ಸಾವಿರ ಪುಟಗಳಲ್ಲಿ ಕೊಂಡಿ ನೆಟ್ಟ ಕೈಗಳು ಯಾವ ದೇಶದವೋ ಯಾರೂ ಕೇಳಲಿಲ್ಲ. ಕೀರ್ತಿ ಮೇಲಿನವನಿಗೆ, ಪಾಪ ಕೆಳಗಿನವನಿಗೆ. ಇದು ಈ ವ್ಯವಸ್ಥೆಯ ಹಳೆಯ ಹಂಚಿಕೆ. ಆದರೆ ಒಂದು ಮಾತನ್ನು ಅವನಿಗೂ ಹೇಳಿದ್ದೇನೆ: ಕೂಲಿ ಬಡತನದ್ದಾದ ಮಾತ್ರಕ್ಕೆ ಕೆಲಸ ಶುದ್ಧವಾಗುವುದಿಲ್ಲ. ನೀನು ಹಾಕಿದ ಕೊಂಡಿ ಹಿಡಿದು ಸಾಲದ ಆ್ಯಪಿಗೆ ಬೀಳುವವನು ಕೂಡ ನಿನ್ನ ಅಬ್ಬಾನಂಥವನೇ.

ಹಾಗಾದರೆ ಗೂಗಲ್ ನಿರ್ದೋಷಿಯೇ? ಖಂಡಿತ ಅಲ್ಲ. ಈ ಸಂತೆಗೆ ಮೈದಾನ ಬಿಟ್ಟುಕೊಟ್ಟದ್ದೇ ಅದು. ಕೊಂಡಿಗೆ ಬೆಲೆ ಕಟ್ಟಿದವರು, ಆ ಬೆಲೆಯ ಲೆಕ್ಕವನ್ನು ಗುಟ್ಟಾಗಿಟ್ಟವರು, ಜಗತ್ತಿನ ಹುಡುಕಾಟವನ್ನೆಲ್ಲ ಒಂದೇ ಬಾಗಿಲಲ್ಲಿ ಹಾಯುವಂತೆ ಮಾಡಿದವರು ಅವರೇ. ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪಿತ್ತರು. ಅದಕ್ಕೂ ಮೊದಲು, 2018ರ ಫೆಬ್ರವರಿಯಲ್ಲಿ, ಹುಡುಕಾಟದ ಫಲಿತಾಂಶಗಳಲ್ಲಿ ಪಕ್ಷಪಾತ ಮಾಡಿದೆ ಎಂದು ಭಾರತದ ಸ್ಪರ್ಧಾ ಆಯೋಗ ಅದಕ್ಕೆ ಸುಮಾರು 136 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಊರಿಗೆಲ್ಲ ಒಂದೇ ಬಾವಿ ಇದ್ದರೆ ವಿಷ ಹಾಕುವವನ ಕೆಲಸ ಸುಲಭ. ಹತ್ತು ಬಾವಿಗಳಿದ್ದಿದ್ದರೆ ಅವನು ಹತ್ತು ಸಲ ಯೋಚಿಸಬೇಕಿತ್ತು.

ಸ್ವತಃ ಗೂಗಲ್ಲೇ ಒಮ್ಮೆ ಈ ಬಲೆಗೆ ಬಿದ್ದದ್ದುಂಟು. 2012ರ ಜನವರಿಯಲ್ಲಿ ಅದರ ಕ್ರೋಮ್ ಬ್ರೌಸರಿನ ಪ್ರಚಾರಕ್ಕೆ ಹಣ ಕೊಟ್ಟು ಬರೆಸಿದ ಬರಹಗಳು ಬೆಳಕಿಗೆ ಬಂದವು. ಆಗ ಗೂಗಲ್ ತನ್ನದೇ ಕ್ರೋಮ್ ಪುಟವನ್ನು ಕನಿಷ್ಠ 60 ದಿನಗಳ ಮಟ್ಟಿಗೆ ಕೆಳಗಿಳಿಸಿತು. ಅದು ಒಳ್ಳೆಯ ನಡವಳಿಕೆ, ಒಪ್ಪೋಣ. 2012ರ ಏಪ್ರಿಲ್‌ನಲ್ಲಿ 'ಪೆಂಗ್ವಿನ್' ಎಂಬ ಹೆಸರಿನಲ್ಲಿ ಸುಳ್ಳು ಕೊಂಡಿಗಳ ವಿರುದ್ಧ ದೊಡ್ಡ ದಾಳಿಯನ್ನೂ ಅದು ನಡೆಸಿತು. 2024ರ ಮಾರ್ಚ್‌ನಲ್ಲಿ, ಅವಧಿ ಮುಗಿದ ವಿಳಾಸಗಳನ್ನು ಕೊಂಡು ಅವುಗಳ ಹಳೆಯ ಮರ್ಯಾದೆಯನ್ನು ದುರುಪಯೋಗಪಡಿಸಿಕೊಳ್ಳುವುದನ್ನು ಹೆಸರಿಟ್ಟೇ ನಿಷೇಧಿಸಿತು. ನಮ್ಮ ಮೇಷ್ಟ್ರ ವಿಳಾಸಕ್ಕೆ ಆದದ್ದು ಇದೇ. ನಿಷೇಧ ಬಂದ ಮೇಲೂ ಅಲ್ಲಿ ಇಸ್ಪೀಟಿನ ಎಲೆಗಳು ಕುಣಿಯುತ್ತಿದ್ದವು. ಅಮೆರಿಕದ ದೊಡ್ಡ ಅಂಗಡಿಯ ಕಳವನ್ನು ದೊಡ್ಡ ಪತ್ರಿಕೆ ಬರೆದರೆ ಎರಡು ಗಂಟೆಗಳಲ್ಲಿ ನ್ಯಾಯ. ಕನ್ನಡದ ಸಣ್ಣ ಊರಿನ ಸತ್ತ ಬಳಗಕ್ಕೆ ಯಾವ ಪತ್ರಿಕೆ ಬರೆಯಬೇಕು?

ಕನ್ನಡದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಇಂಗ್ಲಿಷಿನ ಸಾಗರದಲ್ಲಿ ಹತ್ತು ಕೊಡ ಕೊಳಚೆ ಸುರಿದರೆ ಅದು ಕರಗೀತು. ಅಂತರ್ಜಾಲದಲ್ಲಿ ಕನ್ನಡದ ನೀರು ಇನ್ನೂ ಕೆರೆಯಷ್ಟೇ. ಒಂದು ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಸಿಗುವ ಒಳ್ಳೆಯ ಪುಟಗಳು ಕೆಲವೇ. ಅವುಗಳ ಮೇಲೆ ನಾಲ್ಕು ಮಾರಿದ ಪುಟಗಳು ಬಂದು ಕೂತರೆ ಓದುಗನಿಗೆ ಬೇರೆ ದಾರಿಯೇ ಉಳಿಯುವುದಿಲ್ಲ. ಈಗ ಕೇಳಿದ ಪ್ರಶ್ನೆಗೆ ಕೃತಕ ಬುದ್ಧಿಮತ್ತೆಯೇ ಉತ್ತರ ಹೇಳುವ ಕಾಲ ಬಂದಿದೆ. ಅದು ಕೂಡ ಇದೇ ಕೆರೆಯ ನೀರನ್ನೇ ಮೊಗೆದು ಕೊಡುತ್ತದೆ. ಮೊದಲು ಕೊಂಡಿಯಾದರೂ ಕಾಣುತ್ತಿತ್ತು, ಯಾರು ಹೇಳಿದರು ಎಂದು ತಿರುಗಿ ನೋಡಬಹುದಿತ್ತು. ಉತ್ತರವಷ್ಟೇ ಕೈಗೆ ಬಂದರೆ, ಅದರ ಹಿಂದಿನ ಸಾಕ್ಷಿಯ ಮುಖವನ್ನು ನೋಡುವವರು ಎಷ್ಟು ಮಂದಿ?

ಸರ್ಕಾರ ಏನಾದರೂ ಮಾಡಲಿ ಎಂದು ಕೂರುವುದರಲ್ಲಿ ಅರ್ಥವಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು ಮಾಡಿತು. ಜಾಹೀರಾತು ನಿಂತರೆ ಕದ್ದುಮುಚ್ಚಿ ನೆಟ್ಟ ಕೊಂಡಿಗೆ ಬೆಲೆ ಇನ್ನೂ ಹೆಚ್ಚುತ್ತದೆ. ಬಾಗಿಲು ಮುಚ್ಚಿದಾಗ ಕಳ್ಳ ಕಿಟಕಿಯನ್ನೇ ತಾನೇ ನೋಡುವುದು? ಕಿಟಕಿ ಇರುವುದು ನಮ್ಮ ಮನೆಗಳಲ್ಲಿ.

ನಮ್ಮ ಪತ್ರಿಕೆಗಳು, ಸಣ್ಣವಾಗಲಿ ದೊಡ್ಡವಾಗಲಿ, ಹಣ ಪಡೆದ ಬರಹಕ್ಕೆ ಹಣ ಪಡೆದಿದ್ದೇವೆ ಎಂದು ಬರೆಯಲಿ. ಅದರ ಕೊಂಡಿಗೂ ಆ ಗುರುತು ಹಚ್ಚಲಿ. ಕಾಲೇಜು, ವಿಶ್ವವಿದ್ಯಾಲಯಗಳು ತಾವು ಕೊಟ್ಟ ಕೊಂಡಿಗಳು ಈಗ ಎಲ್ಲಿಗೆ ಹೋಗುತ್ತಿವೆ ಎಂದು ವರ್ಷಕ್ಕೊಮ್ಮೆಯಾದರೂ ಒತ್ತಿ ನೋಡಲಿ. ಸಂಘ, ಬಳಗ, ಟ್ರಸ್ಟುಗಳು ತಮ್ಮ ವಿಳಾಸದ ಜವಾಬ್ದಾರಿಯನ್ನು ಒಬ್ಬರ ಹೆಗಲಿಗೆ ಬಿಡದೆ ಇಬ್ಬರ ಹೆಸರಿಗಿಡಲಿ. ನಮ್ಮ ಬಳಗ ಈ ಸಣ್ಣ ಕೆಲಸ ಮಾಡಿದ್ದರೆ ಮೇಷ್ಟ್ರ ಹೆಸರು ಜೂಜಿನವರ ಪಾಲಾಗುತ್ತಿರಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಅಂಗಡಿ ಇಟ್ಟವರು 'ಒಂದೇ ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ' ಎಂದು ಹೇಳಿಕೊಂಡು ಬರುವವನಿಗೆ ಒಂದೇ ಪ್ರಶ್ನೆ ಕೇಳಲಿ: "ಯಾರ ಬಾಯಿಂದ ಹೇಳಿಸುತ್ತೀಯಪ್ಪಾ?"

ಆ ವಿಳಾಸವನ್ನು ಮರಳಿ ಕೊಳ್ಳಲು ಸಾಧ್ಯವೇ ಎಂದು ಅಳಿಯ ವಿಚಾರಿಸಿದ. ಕೊಂಡವರು ಹೇಳಿದ ಬೆಲೆ ನಮ್ಮೆಲ್ಲರ ಕಿಸೆ ಸೇರಿಸಿದರೂ ಆಗುವಂತಿರಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ಒಂದು ಪತ್ರ ಬರೆದೆ. ನನ್ನದೇ ಕಥೆಗೆ ನೀವು ಪ್ರೀತಿಯಿಂದ ಕೊಟ್ಟ ಕೊಂಡಿಯನ್ನು ದಯವಿಟ್ಟು ಕಿತ್ತುಹಾಕಿ ಎಂದು. ಮೂರು ದಿನಗಳಲ್ಲಿ ಅವರು ತೆಗೆದರು. ಇನ್ನೂ ನಾಲ್ಕೈದು ಕಡೆ ಉಳಿದಿದೆ, ಅವರಿಗೂ ಬರೆಯುತ್ತಿದ್ದೇನೆ. ಸೆಮಿನಾರಿನ ಹುಡುಗಿಗೆ ಕಥೆಯ ಜೆರಾಕ್ಸ್ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದೆ.

ಬೆಂಗಳೂರಿನ ಬಸ್ಸು ಹತ್ತುವಾಗ ಅಳಿಯ ಕೇಳಿದ: "ಮಾಮು, ಇಷ್ಟೆಲ್ಲ ಹೇಳ್ತೀರಲ್ಲ, ನಿಮಗೆ ಗೊತ್ತಿರೋರ ಹತ್ರ ಬೇರೆ ಕೆಲಸಕ್ಕೆ ಒಂದು ಶಿಫಾರಸು ಮಾಡಿ." ಮಾಡುತ್ತೇನೆ ಎಂದಿದ್ದೇನೆ. ಇಬ್ಬರು ಮುದ್ರಕರಿಗೆ, ಒಬ್ಬ ಶಾಲೆಯ ಆಡಳಿತಗಾರರಿಗೆ ಬರೆದಿದ್ದೇನೆ. ಹುಡುಗನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ರಾತ್ರಿಯೆಲ್ಲ ದುಡಿಯಬಲ್ಲ, ಕೆಳಗೆ ನನ್ನ ಹೆಸರು, ನನ್ನ ಫೋನ್ ನಂಬರು. ಅಷ್ಟೂ ನಿಜ. ಇಲ್ಲಿಯವರೆಗೆ ಯಾರಿಂದಲೂ ಉತ್ತರ ಬಂದಿಲ್ಲ.